ಸಾಂಬಾ ಸರ್ವರ್: ಮೂರು ಕಂಪ್ಯೂಟರ್‌ಗಳಿಂದಲೂ ಬರೆಯಲು ಆಗಬೇಕು

ಅಮ್ಮ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಒಂದೇ ಕಡೆ ಇಡುವ ಕೆಲಸ ನಡೀತಿದೆ. ಫೈಲ್‌ಗಳೆಲ್ಲ ಇರುವುದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿದ ಹಳೇ ಡೆಸ್ಕ್‌ಟಾಪ್‌ನಲ್ಲಿ. ಅದರ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರ್‌ಗಳಿಗೆ ಹಂಚುವ ಸಾಫ್ಟ್‌ವೇರ್ ಸಾಂಬಾ. ಅಣ್ಣನ ಹತ್ತಿರ ವಿಂಡೋಸ್ 11, ಅಕ್ಕನ ಹತ್ತಿರ ಮ್ಯಾಕ್, ನನ್ನದು ಲಿನಕ್ಸ್ ಲ್ಯಾಪ್‌ಟಾಪ್. ಮೂವರೂ ಫೈಲ್ ಸೇರಿಸಬೇಕು, ಒಬ್ಬರದನ್ನು ಇನ್ನೊಬ್ಬರು ತಿದ್ದಬೇಕು.

ಶನಿವಾರ

ಫೋಲ್ಡರ್ ಮೂರೂ ಕಡೆ ಕಾಣಿಸ್ತು. ಹಾಡುಗಳೂ ಕೇಳಿಸಿದವು. ಹೊಸ ಫೈಲ್ ಹಾಕಲು ಮಾತ್ರ ಎಲ್ಲೂ ಬಿಡಲಿಲ್ಲ. ನಾವಾಗಿ ಹೇಳದಿದ್ದರೆ ಸಾಂಬಾ ಯಾವುದೇ ಶೇರ್ (ಹಂಚಿದ ಫೋಲ್ಡರ್) ಅನ್ನು ಓದಲು ಮಾತ್ರ ಕೊಡುತ್ತದೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ 'ರೀಡ್ ಓನ್ಲಿ = ನೋ' ಅಂತ ಸೇರಿಸಿದೆ. ಆದರೂ ಆಗಲಿಲ್ಲ.

ಇಲ್ಲಿ ಬಾಗಿಲು ಎರಡು. ಸಾಂಬಾ ಹೂಂ ಅಂದರೂ, ಕೊನೆಗೆ ಡಿಸ್ಕ್ ಮೇಲೆ ಬರೆಯುವುದು ಲಾಗಿನ್ ಆದ ಲಿನಕ್ಸ್ ಯೂಸರ್ ಹೆಸರಿನಲ್ಲಿ. ಆ ಯೂಸರ್‌ಗೆ ಫೋಲ್ಡರ್ ಮೇಲೆ ಬರೆಯುವ ಹಕ್ಕಿಲ್ಲ ಅಂದರೆ ಅಲ್ಲೇ ನಿಲ್ಲುತ್ತದೆ. ಎರಡರಲ್ಲಿ ಯಾವುದು ಬಿಗಿಯೋ ಅದರ ಮಾತೇ ನಡೆಯುವುದು.

'ಚ್‌ಮಾಡ್ 777 ಕೊಟ್ಟುಬಿಡಿ', ಅಂದರೆ ಎಲ್ಲರಿಗೂ ಎಲ್ಲ ಹಕ್ಕೂ ಕೊಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತೆ. ಅಮ್ಮನ ದನಿ ಇರುವ ಫೋಲ್ಡರ್‌ಗೆ ಅದನ್ನು ನಾನು ಕೊಡಲ್ಲ. ಸರ್ವರ್‌ನಲ್ಲಿರುವ ಯಾವ ಅಕೌಂಟ್‌ನಿಂದ ಬೇಕಾದರೂ ಹಾಡುಗಳನ್ನು ಅಳಿಸಬಹುದು, ಅಲ್ವಾ?

ಭಾನುವಾರ

'ಹಾಡು' ಅಂತ ಒಂದು ಗ್ರೂಪ್ ಮಾಡಿ ಮೂವರನ್ನೂ ಸೇರಿಸಿದೆ. ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುವುದರಿಂದ ಪ್ರತಿಯೊಬ್ಬರಿಗೂ ಎಸ್‌ಎಂಬಿಪಾಸ್‌ವ್ಡ್ (smbpasswd) ಕಮಾಂಡ್‌ನಿಂದ ಪಾಸ್‌ವರ್ಡ್ ಬೇರೆ ಕೊಡಬೇಕು. ಫೋಲ್ಡರನ್ನು ಗ್ರೂಪಿನ ಹೆಸರಿಗೆ ಮಾಡಿ ಚ್‌ಮಾಡ್ 2775 ಕೊಟ್ಟೆ, ಅಂದರೆ ಗ್ರೂಪಿಗೂ ಬರೆಯುವ ಹಕ್ಕು, ಉಳಿದವರಿಗೆ ಓದಲು ಮಾತ್ರ. ಮುಂದಿರುವ ಆ 2 ಬಹಳ ಮುಖ್ಯ. ಅದಿದ್ದರೆ ಒಳಗೆ ಹುಟ್ಟುವ ಪ್ರತಿ ಹೊಸ ಫೈಲೂ ಅದೇ ಗ್ರೂಪಿಗೆ ಸೇರುತ್ತದೆ.

ಈಗ ಎಲ್ಲರೂ ಫೈಲ್ ಹಾಕಬಹುದು. ಆದರೆ ಅಕ್ಕ ಹಾಕಿದ್ದನ್ನು ಅಣ್ಣ ತಿದ್ದಲು ಆಗ್ತಿರಲಿಲ್ಲ. ಹೊಸ ಫೈಲ್‌ಗೆ ಎಷ್ಟು ಹಕ್ಕು ಸಿಗಬಹುದು ಅಂತ ಮಿತಿ ಹಾಕುವ ಸಾಂಬಾದ ಕ್ರಿಯೇಟ್ ಮಾಸ್ಕ್ ಮೊದಲಿನಿಂದ 0744 ಇರುತ್ತದೆ, ಅಂದರೆ ಗ್ರೂಪಿಗೆ ಓದಲು ಮಾತ್ರ. ಅದನ್ನು ಗ್ರೂಪೂ ಬರೆಯುವಂತೆ 0664 ಮಾಡಿ, ಹೊಸ ಫೋಲ್ಡರ್‌ಗಳ ಮಿತಿಯಾದ ಡೈರೆಕ್ಟರಿ ಮಾಸ್ಕನ್ನು 2775 ಮಾಡಿದ ಮೇಲೆ ಸರಿಹೋಯಿತು. ಅಣ್ಣ ಒಂದು ಪದದ ಸಾಲುಗಳನ್ನು ತಿದ್ದಿ ಸೇವ್ ಮಾಡಿದಾಗ ತುಂಬಾ ಖುಷಿಯಾಯಿತು.

ಮುಂದಿನ ವಾರ

ವಿಂಡೋಸ್ ಒಂದೇ ಸರ್ವರ್‌ಗೆ ಒಂದೇ ಸಲ ಎರಡು ಯೂಸರ್ ಹೆಸರಲ್ಲಿ ಹೋಗಲು ಬಿಡಲ್ಲ. ಹಳೇ ಕನೆಕ್ಷನ್ ಕೂತಿದ್ದರೆ 'ನೆಟ್ ಯೂಸ್' ಕಮಾಂಡ್‌ನಿಂದ ಕಿತ್ತುಹಾಕಿ ಮತ್ತೆ ಲಾಗಿನ್ ಆಗಬೇಕು.

ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮೂರನೇ ಬಾಗಿಲೊಂದು ಸಿಕ್ಕಿತು. ಶೇರ್ ಅನ್ನು ಮೌಂಟ್ ಮಾಡಿದಾಗ (ಲ್ಯಾಪ್‌ಟಾಪಿನ ಒಂದು ಫೋಲ್ಡರ್‌ಗೆ ಜೋಡಿಸಿದಾಗ) ಫೈಲ್‌ಗಳೆಲ್ಲ ರೂಟ್ ಎಂಬ ಮುಖ್ಯ ಅಕೌಂಟಿನದು ಅಂತ ತೋರಿಸಿ, ಸರ್ವರ್‌ವರೆಗೆ ಹೋಗುವ ಮೊದಲೇ ತಡೆಯುತ್ತಿತ್ತು. ಮೌಂಟ್ ಆಯ್ಕೆಗಳಲ್ಲಿ ನನ್ನ ಯುಐಡಿ (ಯೂಸರ್ ಸಂಖ್ಯೆ) ಮತ್ತು ಜಿಐಡಿ (ಗ್ರೂಪ್ ಸಂಖ್ಯೆ) ಕೊಟ್ಟೆ, ಮುಗೀತು. ಮ್ಯಾಕ್ ಜೊತೆ ಹೊಂದಿಕೊಳ್ಳಲು ಸಾಂಬಾದಲ್ಲಿ ಕೇಟಿಯಾ, ಫ್ರೂಟ್, ಸ್ಟ್ರೀಮ್ಸ್ ಎಕ್ಸ್‌ಆಟ್ರ್ ಅನ್ನುವ ಮೂರು ಮಾಡ್ಯೂಲ್ (ಸೇರಿಸಬಹುದಾದ ಭಾಗಗಳು) ಹಾಕಿದೆ.

ಎಲ್ಲರೂ ಬರೆಯಬಹುದು ಅಂದರೆ ಎಲ್ಲರೂ ಅಳಿಸಲೂಬಹುದು. ಅದಕ್ಕೆ ಸಾಂಬಾದ ರೀಸೈಕಲ್ ಮಾಡ್ಯೂಲ್ ಇದೆ. ಅಳಿಸಿದ್ದನ್ನು ಬೇರೆ ಫೋಲ್ಡರ್‌ನಲ್ಲಿ ಉಳಿಸುತ್ತೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಒಂದು ಶೇರ್‌ನ ಕೆಳಗೆ ಬರೆದ ಮಾಡ್ಯೂಲ್ ಸಾಲು, ಎಲ್ಲ ಶೇರ್‌ಗಳಿಗೂ ಇರುವ 'ಗ್ಲೋಬಲ್' ಭಾಗದ ಸಾಲನ್ನು ತಳ್ಳಿಹಾಕುವುದರಿಂದ, ಮ್ಯಾಕ್‌ನ ಮೂರರ ಜೊತೆ ಒಂದೇ ಸಾಲಿನಲ್ಲಿ ಬರೆಯಬೇಕು. ಅದನ್ನು ಹಾಕಿ, ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆದ ಮೇಲೇ ಉಳಿದ ಕ್ಯಾಸೆಟ್‌ಗಳನ್ನು ಶುರು ಮಾಡ್ತೇನೆ.