ಸ್ಯಾಂಪಲ್ ವೀಣೆಯಲ್ಲಿ ತೋಡಿಯ ಗಾಂಧಾರ ಕೊನೆಗೂ ನುಡಿಯಿತು

ಮೈಸೂರು ವೀಣೆಯ ಸ್ವರಗಳನ್ನು ಮುದ್ರಿಸಿ, ಕೀಲಿಮಣೆಯಿಂದ ನುಡಿಸುವಂತೆ ಕಂಪ್ಯೂಟರಿನಲ್ಲಿ ಕಟ್ಟುತ್ತಿರುವ ಸ್ಯಾಂಪಲ್ ವಾದ್ಯದಲ್ಲಿ ತೋಡಿ ರಾಗದ ಸಾಧಾರಣ ಗಾಂಧಾರವು ಈ ವಾರ ಮೊದಲ ಬಾರಿಗೆ ಗಾಂಧಾರದಂತೆ ಕೇಳಿಸಿತು. 24 ಮೆಟ್ಟಿಲುಗಳ ಧ್ವನಿಮುದ್ರಣ, ಹಿನ್ನೆಲೆಯ ಸದ್ದು ಅಳಿಸುವುದು, ಕೀಲಿಗಳಿಗೆ ಹಂಚುವುದು ಮುಂತಾದವನ್ನು ಈ ಹವ್ಯಾಸದವರಿಗೆ ಹೇಳಬೇಕಾಗಿಲ್ಲವಾದ್ದರಿಂದ, ತಿಂಗಳುಗಟ್ಟಲೆ ಕಾಡಿದ ಒಂದೇ ತೊಡಕನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ಅದು ಶುದ್ಧ ಋಷಭಕ್ಕೂ ಶುದ್ಧ ಮಧ್ಯಮಕ್ಕೂ ನಡುವೆ ತೂಗುತ್ತದೆ. ಈ ತೂಗಾಟವನ್ನು, ಅಂದರೆ ಗಮಕವನ್ನು, ಸೇರಿಸಿಯೇ ಮುದ್ರಿಸಿಕೊಂಡರೆ, ಆ ಸ್ಯಾಂಪಲನ್ನು ಬೇರೆ ಶ್ರುತಿಗೆ ಏರಿಸಿದೊಡನೆ ಕಂಪಿತದ ವೇಗವೂ ಏರುತ್ತದೆ; ಕಾಲಾವಧಿಯನ್ನು ಪ್ರತ್ಯೇಕವಾಗಿ ಹಿಗ್ಗಿಸಿದರೆ ಮೀಟಿನ ಮೊನಚು ಕರಗಿಹೋಗುತ್ತದೆ. ಹಾಗಾಗಿ ಸ್ವರಗಳನ್ನು ಗಮಕವಿಲ್ಲದೆ ಮುದ್ರಿಸಿ, ಶ್ರುತಿಯನ್ನು ಜಾರಿಸುವ ಪಿಚ್ ಬೆಂಡ್‌ನಿಂದ ಎಳೆಯುವ ದಾರಿಯೇ ಉಳಿಯುತ್ತದೆ. ಸಾಮಾನ್ಯವಾಗಿ ಎರಡು ಅರ್ಧಸ್ವರಗಳಷ್ಟಿರುವ ಬೆಂಡ್ ವ್ಯಾಪ್ತಿಯನ್ನು ಮೇಲಕ್ಕೂ ಕೆಳಕ್ಕೂ ತಲಾ 12ಕ್ಕೆ ಹೆಚ್ಚಿಸಿದ ಮೇಲೆ, 128 ಹಂತಗಳಷ್ಟೇ ಇರುವ ಅಗ್ಗದ ಬೆಂಡ್ ಚಕ್ರವು ಪ್ರತಿ ಹಂತಕ್ಕೂ ಸುಮಾರು 19 ಸೆಂಟ್ಸ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಜಿಗಿದು ಗೊರಗುಟ್ಟುತ್ತದೆ. ತಂತ್ರಾಂಶದಲ್ಲಿಯೇ, ಸಾವಿರಾರು ಹಂತಗಳಿರುವ 14 ಬಿಟ್‌ನ ರೇಖೆ ಎಳೆದಾಗ ಆ ಗೊರಗು ಹೋಯಿತು. ಆದರೂ ಮೇಲಕ್ಕೆ ಎಳೆದಷ್ಟೂ ವೀಣೆ ತೆಳುವಾಗುತ್ತಾ, ಮಧ್ಯಮಕ್ಕೆ ಬರುವ ಹೊತ್ತಿಗೆ ಯುಕುಲೇಲೆಯಂತೆ ಕೀಚಲಾಗುತ್ತಿತ್ತು.

ಕಾರಣ ವೀಣೆಯ ಕೊಡದಲ್ಲಿ, ಅಂದರೆ ದನಿಯನ್ನು ಹಿಗ್ಗಿಸುವ ಮರದ ಬುರುಡೆಯಲ್ಲಿತ್ತು. ವೈಣಿಕರು ಋಷಭದ ಮೆಟ್ಟಿಲಿನಲ್ಲಿ ತಂತಿಯನ್ನು ಮಧ್ಯಮದವರೆಗೆ ಎಳೆದಾಗ ಬದಲಾಗುವುದು ತಂತಿಯ ಬಿಗಿತ ಮಾತ್ರ. ಮರದ ಅನುರಣನ ಇದ್ದಲ್ಲಿಯೇ ಇರುತ್ತದೆ. ಸ್ಯಾಂಪಲ್ ನುಡಿಸುವ ತಂತ್ರಾಂಶವಾದ ಸ್ಯಾಂಪ್ಲರ್‌ಗೆ ತಂತಿ ಯಾವುದು, ಮರ ಯಾವುದು ಎಂಬ ವಿವೇಚನೆಯಿಲ್ಲದ ಕಾರಣ, ನಾಲ್ಕು ಅರ್ಧಸ್ವರ ಏರಿಸಿದರೆ ಅದು ಕೊಡದ ಅನುರಣನವನ್ನೂ ಶೇಕಡ 26ರಷ್ಟು ಮೇಲಕ್ಕೆ ಹೊತ್ತೊಯ್ಯುತ್ತದೆ.

ಆದ್ದರಿಂದ ತಂತಿಯನ್ನೂ ಮರವನ್ನೂ ಬೇರ್ಪಡಿಸಿದೆ. ತಂತಿಗಳು ಕೂರುವ ಕುದುರೆಗೆ, ಕಂಪನವನ್ನು ನೇರವಾಗಿ ಹಿಡಿಯುವ ಪೀಜೋ ಬಿಲ್ಲೆ ಅಂಟಿಸಿ, ಕೊಡದ ದನಿ ಆದಷ್ಟು ಕಡಿಮೆಯಿರುವ ಸ್ವರಗಳನ್ನು ಮತ್ತೆ ಮುದ್ರಿಸಿದೆ. ಬಳಿಕ ತಂತಿಗಳನ್ನೆಲ್ಲ ಬಟ್ಟೆಯಿಂದ ಅದುಮಿ, ಕುದುರೆಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಎದುರಿನ ಮೈಕಿನಲ್ಲಿ ಆ ಒಂದು ತಟ್ಟನ್ನು ಹಿಡಿದೆ. ಈಗ ಬೆಂಡ್ ಆಗುವುದು ಪೀಜೋದ ದನಿ ಮಾತ್ರ. ಅದು ಬೆಂಡ್ ಆದ ಮೇಲೆ, ಒಂದು ದನಿಗೆ ಇನ್ನೊಂದರ ಅನುರಣನವನ್ನು ಹಚ್ಚುವ ಕನ್ವಲ್ಯೂಷನ್ ಮೂಲಕ ಕೊಡದ ತಟ್ಟಿನೊಳಗೆ ಹಾದುಬರುತ್ತದೆ. ಬೇರ್ಪಡಿಸುವ ಗೆರೆಯನ್ನು ಕುದುರೆಯ ಬಳಿಯೇ ಎಳೆದದ್ದಕ್ಕೆ ಕಾರಣವಿದೆ: ವೀಣೆ, ತಂಬೂರಿಗಳ ಬಾಗಿದ ಕುದುರೆಯಿಂದಾಗಿ, ಮೀಟಿದ ಜಾಗದಲ್ಲಿ ಹುಟ್ಟಬಾರದ ಉಪಸ್ವರಗಳೂ ಹುಟ್ಟುತ್ತವೆಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಆ ಝೇಂಕಾರ ತಂತಿಯೊಂದಿಗೇ ಏರಿಳಿಯಬೇಕಾದದ್ದು. ಕುದುರೆಯ ಮೇಲಿನ ಪೀಜೋ ಅದನ್ನು ತಂತಿಯ ಪಾಲಿಗೇ ಸೇರಿಸುತ್ತದೆ.

ತಾಳಕ್ಕೆಂದೇ ಪಕ್ಕದಲ್ಲಿರುವ ಮೂರು ತಂತಿಗಳನ್ನು ಅದುಮದೆ ಹಿಡಿದ ಇನ್ನೊಂದು ತಟ್ಟು ಮತ್ತಷ್ಟು ಸೊಗಸಾಗಿದೆ. ಅದರೊಳಗೆ ಹಾದ ಪ್ರತಿ ಸ್ವರದ ಹಿಂದೆಯೂ ಷಡ್ಜ ಪಂಚಮಗಳು ಸಣ್ಣಗೆ ಗುನುಗುತ್ತವೆ. ಆದರೆ ಆ ಗುನುಗು ಮೂರು ಮನೆ ಶ್ರುತಿಗೆ (ಷಡ್ಜ ಪಾಶ್ಚಾತ್ಯ ‘ಇ’ ಸ್ವರದಲ್ಲಿ) ಅಂಟಿಕೊಂಡಿರುವುದರಿಂದ, ಎರಡು ಮನೆಗೆ (‘ಡಿ’ಗೆ) ಇಳಿಸಬೇಕಾದರೆ ಬಿರಡೆ ತಿರುವಿ ಮತ್ತೆ ತಟ್ಟಲೇಬೇಕು.

ಪೀಜೋ ಬಿಲ್ಲೆಗಳನ್ನು ಕಳಿಸಿದ ಅಂಗಡಿಯವರು ಅರ್ಧದಷ್ಟನ್ನು ಬೆಸುಗೆ ಬಿಟ್ಟ ಸ್ಥಿತಿಯಲ್ಲಿ ಕಳಿಸಿ, ದೂರಿಗೆ ಉತ್ತರವಾಗಿ ಐದು ತಾರೆಗಳ ಅಭಿಪ್ರಾಯ ಕೇಳಿದ್ದಾರೆ. ಇದಕ್ಕೂ ಮೊದಲು ದುಡ್ಡು ಕೊಟ್ಟು ತರಿಸಿದ್ದ ವಿದೇಶಿ ಸ್ಯಾಂಪಲ್ ಸಂಗ್ರಹದಲ್ಲಿ ವೀಣೆಯ ಹೆಸರಿನಲ್ಲಿದ್ದದ್ದು ಸಿತಾರ್. ಅದರಲ್ಲಿದ್ದ ಗಾಯನದ ತುಣುಕುಗಳಿಗೆ ರಾಗದ ಹೆಸರಿರಲಿಲ್ಲ, ‘ಸಿ ಮೈನರ್, ಅಧ್ಯಾತ್ಮ’ ಎಂಬ ಚೀಟಿ ಮಾತ್ರ ಇತ್ತು. ಷಡ್ಜ ಎಲ್ಲಿದೆಯೆಂದು ತಿಳಿಸದ ಆಲಾಪದ ತುಣುಕನ್ನು ಹಾಡಿನೊಳಗೆ ಎಲ್ಲಿ ಕೂರಿಸಬೇಕೆಂಬುದನ್ನು ಆ ಅಧ್ಯಾತ್ಮವೇ ಹೇಳಬೇಕು.

ಇನ್ನು ಎಳೆತದ ರೇಖೆ. ಶ್ರುತಿಯನ್ನು ನಿಧಾನವಾಗಿ, ಒಂದೇ ಸಮನೆ ತೂಗಿಸುವ ಎಲ್‌ಎಫ್‌ಓದ ಸೈನ್ ಅಲೆಯನ್ನು ಹಚ್ಚಿದರೆ ತೋಡಿಯ ಬದಲು ಆಂಬುಲೆನ್ಸ್ ಬರುತ್ತದೆ. ಹಾಗಾಗಿ, ವೀಣೆ ನುಡಿಸುವ ಪರಿಚಿತರೊಬ್ಬರಿಂದ ಅದೇ ಗಾಂಧಾರವನ್ನು ವಿಳಂಬದಲ್ಲಿಯೂ ದ್ರುತದಲ್ಲಿಯೂ ನುಡಿಸಿಕೊಂಡು, ಅವರ ಒಪ್ಪಿಗೆ ಪಡೆದು, ದನಿಯನ್ನು ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ಶ್ರುತಿರೇಖೆಯನ್ನು ತೆಗೆದೆ. ಮೇಲಿನ ತುದಿಯಲ್ಲಿಯೂ ಕೆಳಗಿನ ತುದಿಯಲ್ಲಿಯೂ ನಿಲ್ಲುವ ಹೊತ್ತು ಸಮನಾಗಿಲ್ಲ. ನುಡಿಸುವ ವೇಗ ದ್ವಿಗುಣವಾದಾಗ ತೂಗಾಟದ ವೇಗ ದ್ವಿಗುಣವಾಗುವುದಿಲ್ಲ, ಪ್ರತಿ ಸ್ವರದಲ್ಲಿನ ತೂಗಾಟಗಳ ಸಂಖ್ಯೆ ಇಳಿಯುತ್ತದೆ. ಆದ್ದರಿಂದ ರೇಖೆಗಳನ್ನು ಹಾಡಿನ ಟೆಂಪೋಗೆ ಕಟ್ಟದೆ, ಸ್ವರದ ಉದ್ದಕ್ಕೆ ತಕ್ಕದ್ದನ್ನು ಆರಿಸುವಂತೆ ಸ್ಕ್ರಿಪ್ಟ್ ಬರೆದಿದ್ದೇನೆ.

ಇದೆಲ್ಲ ಮುಗಿಯುವ ಮೊದಲೇ ಮನಸ್ಸು ಮೃದಂಗದ ಗುಮುಕಿಯತ್ತ, ಅಂದರೆ ಎಡಗಡೆಯ ಜಾರುವ ದನಿಯತ್ತ, ಓಡಿದೆ. ಅಲ್ಲಿಯೂ ದನಿ ಜಾರುತ್ತದೆ, ಆದರೆ ಅಂಗೈಯ ಒತ್ತಡದಿಂದ ಚರ್ಮದ ಕಂಪನವೇ ಬದಲಾಗುವುದರಿಂದ ಈ ಬೆಂಡ್ ತಂತ್ರ ಅಲ್ಲಿ ನಡೆಯುವಂತೆ ಕಾಣುವುದಿಲ್ಲ; ಜಾರಿಕೆಯ ಉದ್ದಕ್ಕೆ ಒಂದೊಂದರಂತೆ ಬೇರೆ ಬೇರೆ ಗುಮುಕಿಗಳನ್ನೇ ಮುದ್ರಿಸಬೇಕಾದೀತು. ಎಡಭಾಗಕ್ಕೆ ಮೆತ್ತಿದ ರವೆ ಒಣಗುತ್ತಾ ಹೋದಂತೆ ಶ್ರುತಿಯೂ ಸರಿಯುವುದರಿಂದ, ಮುದ್ರಣ ಒಂದೇ ಬೈಠಕ್ಕಿನಲ್ಲಿ ಮುಗಿಯಬೇಕು, ಫ್ಯಾನ್ ಹಾಕುವಂತಿಲ್ಲ. ಮೃದಂಗದವರು ಬೇಸಿಗೆ ಕಳೆದ ಮೇಲೆ ಬರುವುದಾಗಿ ಹೇಳಿದ್ದಾರೆ.