ಮುಂಗೈ ಕಡೆಗೂ ತಿರುಗ್ತು (ಎರಡು ತಿಂಗಳ ಅಪ್‌ಡೇಟ್)

ಮೈಯ ಮೂಳೆ, ಸ್ನಾಯು ಅರ್ಥ ಮಾಡ್ಕೊಂಡು ಚಿತ್ರ ಬರೆಯೋದು, ಮಣ್ಣಲ್ಲಿ ಮಾಡೋದು ಕಲೀತಿದೀನಿ, ಹೋದ ಸಲ ಬರ್ದಾಗ ಭುಜದ ಹತ್ರ ನಿಂತಿದ್ದೆ. ಅಲ್ಲಿಂದೀಚೆಗೆ ಬರೀ ಮುಂಗೈ, ಮೊಣಕೈಯಿಂದ ಮಣಿಕಟ್ಟಿನವರೆಗೆ ಅಷ್ಟೇ. ಮೈಯಲ್ಲಿರೋ 206 ಮೂಳೇಲಿ ಎರಡಕ್ಕೇ ಎರಡು ತಿಂಗಳಾ ಅಂತ ಮನೇಲಿ ಕೇಳಿದ್ರು, ಆದ್ರೆ ನಿಜವಾಗ್ಲೂ ಅಷ್ಟು ಹಿಡೀತು.

ತೊಂದ್ರೆ ಏನಂದ್ರೆ ಅಂಗೈ ಮೇಲ್ಮುಖ ಮಾಡಿಟ್ಟ ಕೈ ಬರೆದ್ರೆ ಸರಿಯಾಗೇ ಬರೋದು, ಅದನ್ನೇ ಕವುಚಿ ಹಾಕಿ ಬರೆದ್ರೆ ಬಾಳೆದಿಂಡಿಗೆ ಬೆರಳು ಅಂಟಿಸಿದಂಗೆ ಕಾಣೋದು. ಮುಂಗೈಯ ಎರಡು ಮೂಳೇಲಿ ಅಲ್ನಾ ಕಿರುಬೆರಳ ಕಡೆ, ರೇಡಿಯಸ್ ಹೆಬ್ಬೆರಳ ಕಡೆ, ಕೈ ಕವುಚಿದಾಗ ರೇಡಿಯಸ್ಸು ಅಲ್ನಾನ ದಾಟಿ ಅಡ್ಡ ಬರುತ್ತೆ ಅಂತ ಓದಿದ್ದೆ, ಬಾಯಿಪಾಠಾನೂ ಆಗಿತ್ತು, ಪೆನ್ಸಿಲ್ಲಿಗೆ ಮಾತ್ರ ಇಳಿದಿರ್ಲಿಲ್ಲ.

ಮಂಡ್ಯಕ್ಕೆ ಅವ್ವನ ಹತ್ರ ಹೋಗಿದ್ದಾಗ ಒಂದಿನ ಅಡುಗೆಮನೇಲಿ ಕೂತಿದ್ದೆ, ಅವ್ವ ಬಳೆ ಮೇಲಕ್ಕೆ ಸರಿಸ್ಕೊಂಡು ಒದ್ದೆ ಕೈಲಿ ಮುದ್ದೆ ಕಟ್ತಿದ್ಲು. ಅವಳ ಕೈ ಸಣ್ಣ, ಮಾಂಸ ಕಡಿಮೆ, ಹಂಗಾಗಿ ಎಲ್ಲಾ ಎದ್ದು ಕಾಣುತ್ತೆ. ಅಂಗೈ ಒಂದ್ಸಲ ಮೇಲೆ ಒಂದ್ಸಲ ಕೆಳಗೆ ಆಗ್ತಿದೆ, ಆದ್ರೆ ಮೊಣಕೈ ತುದಿಯಿಂದ ಕಿರುಬೆರಳ ಕಡೆಗೆ ಇಳಿಯೋ ಮೂಳೆ ಗೆರೆ ಹೆಚ್ಚುಕಮ್ಮಿ ಇದ್ದಲ್ಲೇ ಇದೆ, ಹೆಬ್ಬೆರಳ ಕಡೆ ಇರೋದೆಲ್ಲ ಅದರ ಸುತ್ತ ತಿರುಗಿ ಬರ್ತಿದೆ. ಅವ್ವ ಇನ್ನೊಂದ್ಸಲ ತಿರುಗ್ಸು ಅಂದೆ. "ಅದೇನ್ಲಾ ಅಂಗ್ ನೋಡ್ತೀಯ, ಮುದ್ದೆ ಆರೋಯ್ತದೆ ಉಣ್ಣು" ಅಂದ್ಲು.

ನೀವೂ ಮಾಡಿ ನೋಡಿ. ಮೊಣಕೈ ತುದಿ ಮೇಲೆ ಬೆರಳಿಟ್ಟು ಹಂಗೇ ಮಣಿಕಟ್ಟಿನವರೆಗೆ ಜಾರಿಸಿ, ಉದ್ದಕ್ಕೂ ಚರ್ಮದ ಕೆಳಗೇ ಮೂಳೆ ಸಿಗುತ್ತೆ, ನಡುವೆ ಸ್ನಾಯು ಅಡ್ಡ ಬರಲ್ಲ. ಅದೇ ಅಲ್ನಾ. ಈಗ ನಾನು ಮೊದಲು ಆ ಗೆರೆ ಹಾಕ್ಕೊಂಡು ಆಮೇಲೆ ಮಿಕ್ಕಿದ್ದು ಸುತ್ತುತೀನಿ.

ವಾಪಸ್ ಮೈಸೂರಿಗೆ ಬಂದ್ಮೇಲೆ ನಾಲ್ಕು ಭಾನುವಾರ ಗರಡಿಮನೆಗೆ ಹೋದೆ, ಉಸ್ತಾದರನ್ನ ಕೇಳ್ಕೊಂಡು ಮೂಲೇಲಿ ಕೂತು ಬರೆದೆ. ಪೈಲ್ವಾನರು ಹೆಬ್ಬೆರಳು ಮೇಲೆ ಮಾಡಿ ಭಾರ ಎತ್ತಿದಾಗ ಬ್ರೇಕಿಯೋರೇಡಿಯಾಲಿಸ್ ಅನ್ನೋ ಸ್ನಾಯು ಹಗ್ಗದ ತರ ಉಬ್ಬುತ್ತೆ. ಅದು ಶುರುವಾಗೋದು ಮೊಣಕೈಯಲ್ಲಲ್ಲ, ಅದಕ್ಕಿಂತ ಮೇಲೆ, ತೋಳಿನ ಹೊರಮಗ್ಗುಲಲ್ಲಿ. ಅಲ್ಲಿಂದ ಮೊಣಕೈ ದಾಟಿ ಹೆಬ್ಬೆರಳ ಕಡೆ ಮಣಿಕಟ್ಟಿಗೆ ಬಂದು ಕೂರುತ್ತೆ. ಇಷ್ಟು ದಿನ ತೋಳು ಒಂದು ತುಂಡು, ಮುಂಗೈ ಒಂದು ತುಂಡು ಅಂತ ಗೊಂಬೆ ಕೀಲಿನ ಹಾಗೆ ಜೋಡಿಸ್ತಿದ್ನಲ್ಲ, ಆ ತಪ್ಪು ಅಲ್ಲೇ ಬಿಡ್ತು.

ಜೇಡಿಮಣ್ಣಿನ ಕೆಲಸ ಅಷ್ಟು ಸಲೀಸಾಗಿ ಆಗ್ಲಿಲ್ಲ. ಕುಂಬಾರಗೇರಿಯಿಂದ ಮಣ್ಣು ತಂದು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಮೇಲೆ ಎರಡು ಕೈ ಕಟ್ಟಿದ್ದೆ, ಎರಡೂ ಬಿರುಕು ಬಿಟ್ವು. ಮಣ್ಣು ಒಣಗ್ತಾ ಕುಗ್ಗುತ್ತೆ, ತಂತಿ ಕುಗ್ಗಲ್ಲ, ಮಣಿಕಟ್ಟು ಸಣ್ಣ ಇರೋದ್ರಿಂದ ಮೊದಲು ಅಲ್ಲೇ ಸೀಳ್ತು, ತುಂಬಾ ಬೇಜಾರಾಯ್ತು. ಈಗ ಅಭ್ಯಾಸಕ್ಕೆ ಒಣಗದ ಎಣ್ಣೆ ಕ್ಲೇ, ಇಟ್ಕೊಳ್ಳಬೇಕಾದ್ದಕ್ಕೆ ಮಾತ್ರ ಮಣ್ಣು, ಅದೂ ಒಳಗೆ ತಂತಿ ಇಲ್ದೆ.

ಅಳತೇಲೂ ಒಂದು ಎಡವಟ್ಟಾಗಿತ್ತು. ಯುರೋಪಿನ ಲೆಕ್ಕದಲ್ಲಿ ಆಳಿನ ಎತ್ತರ ಸುಮಾರು 7.5 ತಲೆ, ನಮ್ಮ ಶಿಲ್ಪಶಾಸ್ತ್ರದ ನವತಾಲದಲ್ಲಿ 9 ತಾಲ, ತಾಲಕ್ಕೆ 12 ಅಂಗುಲದಂತೆ 108 ಅಂಗುಲ. ಎರಡನ್ನೂ ಒಂದೇ ಅಳತೆ ಅಂದ್ಕೊಂಡುಬಿಟ್ಟಿದ್ದೆ. ತಾಲ ಅಂದ್ರೆ ಹಣೆ ಮೇಲಿನ ಕೂದಲಂಚಿಂದ ಗಲ್ಲದವರೆಗಿನ ಮುಖ, ತಲೆ ಅಂದ್ರೆ ನೆತ್ತಿಯಿಂದ ಲೆಕ್ಕ. ಮುಂದಿನ ತಿಂಗಳು ಸೋಮನಾಥಪುರಕ್ಕೆ ಹೋಗಿ ಮೂರ್ತಿಗಳ ಕೈ ನೋಡಬೇಕು. ಅಲ್ಲಿ ಸ್ನಾಯು ಒಂದನ್ನೂ ಬಿಡಿಸಿ ತೋರಿಸಿಲ್ಲ, ತುಂಬಿದ ನುಣುಪು ತೋಳುಗಳು, ಆದ್ರೂ ಮಣಿಕಟ್ಟಿನ ತಿರುವಲ್ಲಿ ಜೀವ ಇದೆ, ಅದು ಹೆಂಗೆ ಅಂತ ಹತ್ರ ನಿಂತು ಬರ್ಕೊಬೇಕು.

ಮೂರನೇ ಕೈ ಸದ್ಯ ಒದ್ದೆ ಬಟ್ಟೆ ಕೆಳಗಿದೆ, ಮುದ್ದೆ ಕಟ್ಟೋ ಭಂಗೀಲೇ ಮಾಡಿದೀನಿ. ನಾಳೆಯಿಂದ ಮಣಿಕಟ್ಟಿನ ಎಂಟು ಮೂಳೆ.