ತಡೆಯಿಲ್ಲದ ಬಲ, ಅಲುಗದ ಬಂಡೆ

"ಸರ್, ಯಾರೂ ತಡೆಯಲಾಗದ ಬಲ ಹೋಗಿ, ಯಾವುದಕ್ಕೂ ಅಲುಗದ ಬಂಡೆಗೆ ಬಡಿದರೆ ಏನಾಗುತ್ತೆ?" ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ತುಂಬ ಇಷ್ಟದ ಪ್ರಶ್ನೆ ಇದು.

ಪ್ರಶ್ನೆ ಹಳೆಯದು. ಕ್ರಿ.ಪೂ. 3ನೇ ಶತಮಾನದಲ್ಲಿ ಚೀನಾದ ಚಿಂತಕ ಹಾನ್ ಫೇ ಒಂದು ಕಥೆ ಬರೆದ. ಚು ರಾಜ್ಯದಲ್ಲಿ ಒಬ್ಬ ಈಟಿ, ಗುರಾಣಿ ಎರಡನ್ನೂ ಮಾರುತ್ತಿದ್ದ. ನನ್ನ ಗುರಾಣಿಯನ್ನು ಯಾವುದೂ ತೂರಲ್ಲ, ನನ್ನ ಈಟಿ ತೂರದ ವಸ್ತುವೇ ಇಲ್ಲ ಅನ್ನುತ್ತಿದ್ದ. ನಿನ್ನ ಈಟಿಯಿಂದ ನಿನ್ನ ಗುರಾಣಿಗೇ ಚುಚ್ಚಿದರೆ ಅಂತ ಒಬ್ಬರು ಕೇಳಿದಾಗ ಅವನ ಬಾಯಿ ಕಟ್ಟಿತು.

ಒಂದಿದ್ದರೆ ಇನ್ನೊಂದು ಇರಲಾರದು ಅಂತ ಹೆಚ್ಚಿನವರು ಇಲ್ಲಿಗೇ ಮಾತು ಮುಗಿಸುತ್ತಾರೆ. ತರ್ಕ ಸರಿಯೇ. ಆದರೆ ಇನ್ನೂ ಸ್ವಲ್ಪ ಮುಂದೆ ಹೋಗಬಹುದು. ಅಲುಗದ್ದು ಅಂದರೆ ಎಷ್ಟೇ ತಳ್ಳಿದರೂ ಅದರ ವೇಗ ಬದಲಾಗಲ್ಲ. ತಡೆಯಲಾಗದ್ದು ಅಂದರೂ ಅಷ್ಟೇ, ಅದರ ವೇಗವನ್ನು ಯಾರೂ ಬದಲಿಸಲಾರರು. ನುಗ್ಗಿ ಬರುವುದರ ಬೆನ್ನ ಮೇಲೆ ಕೂತು ನೋಡಿದರೆ ನುಗ್ಗುತ್ತಿರುವುದು ಬಂಡೆಯೇ! ಅಂದಮೇಲೆ ಎರಡೂ ಒಂದೇ ಜಾತಿ. ಎರಡೂ ತಮ್ಮ ಪಾಡಿಗೆ ಹಾಗೇ ಇರಬೇಕಾದರೆ ದಾರಿ ಒಂದೇ: ಒಂದರೊಳಗಿಂದ ಇನ್ನೊಂದು ತೂರಿ ಹೋಗಬೇಕು.

ಇದು ಸುಮ್ನೆ ಕಲ್ಪನೆ ಅಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣಗಳು ಪ್ರತಿ ಚದರ ಸೆಂಟಿಮೀಟರಿನಲ್ಲೂ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ಇಡೀ ಭೂಮಿಯೇ ಅಡ್ಡ ಇದ್ದರೂ ಹೆಚ್ಚುಕಡಿಮೆ ಎಲ್ಲವೂ ಆಚೆ ಬದಿಗೆ ಬಂದುಬಿಡುತ್ತವೆ. ಬಂಡೆಯೂ ಕದಲಲ್ಲ, ಅವೂ ನಿಲ್ಲಲ್ಲ.

ಅಪರೂಪಕ್ಕೆ ಒಂದು ಮಾತ್ರ ಬಡಿಯುತ್ತದೆ. ವಾತಾವರಣದಲ್ಲಿ ಹುಟ್ಟಿದ ಅಂಥ ನ್ಯೂಟ್ರಿನೊಗಳ ಗುರುತು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಸಿಕ್ಕಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮತ್ತಿತರರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ ವಿಜ್ಞಾನಿಗಳ ಜೊತೆ ಸೇರಿ ಮಾಡಿದ ಕೆಲಸ ಅದು. ಅಷ್ಟು ಆಳಕ್ಕೆ ಯಾಕೆ ಇಳಿದರು? ಆಕಾಶದಿಂದ ಸುರಿಯುವ ಮ್ಯೂಆನ್‌ ಕಣಗಳನ್ನು ಮೇಲಿನ ಬಂಡೆ ತಡೆಯಲಿ ಅಂತ. ಆದರೂ ಕೆಲವು ಮ್ಯೂಆನ್ ನೇರ ಕೆಳಗೆ ಬಂದೇ ಬರುತ್ತವೆ. ಅದಕ್ಕೇ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿ, ಅಡ್ಡಡ್ಡ ಬರುವ ಕಣಗಳಿಗೆ ಕಾದರು. ಅಡ್ಡ ದಾರಿಯಲ್ಲಿ ಬಂಡೆ ಎಷ್ಟೋ ಪಟ್ಟು ಜಾಸ್ತಿ. ಅಷ್ಟನ್ನು ದಾಟಿ ಬರುವ ಶಕ್ತಿ ಇದ್ದದ್ದು ನ್ಯೂಟ್ರಿನೊಗೆ ಮಾತ್ರ.

ಗಣಿ 2001ರಲ್ಲಿ ಮುಚ್ಚಿತು. ಕೆಜಿಎಫ್ ಅಂದರೆ ಮಕ್ಕಳಿಗೆ ಚಿನ್ನ ಗೊತ್ತು, ಈ ಕಥೆ ಗೊತ್ತಿಲ್ಲ. ಅದು ನನಗೆ ನಿಜಕ್ಕೂ ಬೇಸರ. ಹಾಗಾಗಿ ಬಂಡೆಯ ಪ್ರಶ್ನೆ ಬಂದ ದಿನ ಪಾಠ ಬದಿಗಿಟ್ಟು ಇದನ್ನೇ ಹೇಳುತ್ತೇನೆ.